ಚಾಲುಕ್ಯರ ನಾಡಿನಲ್ಲಿ ಒಂದು ದಿನ: ಗುಡಿ, ಶಾಸನ, ಹೊಂಡ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಇತಿಹಾಸದ ಮೇಲೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಸಮಾಜ ವಿಜ್ಞಾನದ ಶಿಕ್ಷಕನಾಗಿ ಇಲ್ಲಿ ನಾನು ಕಲಿಸಿದ್ದರಲ್ಲಿ ಮಕ್ಕಳಿಗೆ ಇಂದಿಗೂ ನೆನಪಿರುವುದು ಯಾವುದು ಎಂದು ಯೋಚಿಸಿದೆ. ಹಳೆಯ ವಿದ್ಯಾರ್ಥಿಗಳು ಬನಹಟ್ಟಿ ಸಂತೆಯಲ್ಲೋ ಜಮಖಂಡಿ ಬಸ್ ನಿಲ್ದಾಣದಲ್ಲೋ ಭೇಟಿಯಾದರೆ ಪಾಣಿಪತ್ ಕದನದ ಮಾತು ಎತ್ತುವುದಿಲ್ಲ. "ಸರ್, ನಮ್ಮನ್ನ ಮಹಾಕೂಟಕ್ಕ ಕರಕೊಂಡು ಹೋಗಿದ್ರಲ್ರೀ, ಹೊಂಡದಾಗ ಈಸಾಡಿದ್ವಿ" ಎನ್ನುತ್ತಾರೆ. ಆದ್ದರಿಂದ ಆ ಒಂದು ದಿನದ ಪ್ರವಾಸವನ್ನೇ ಇಲ್ಲಿ ಪಾಠವನ್ನಾಗಿ ಮಾಡಿ ಬರೆಯುತ್ತಿದ್ದೇನೆ. ಹೋಗಿ ಬಂದವರಿಗೆ ಇದು ನೆನಪಾಗಲಿ, ಮುಂದೆ ಹೋಗುವವರಿಗೆ ದಾರಿಯಾಗಲಿ.

ನನ್ನ ಮಾತು ಇಷ್ಟೇ. ಚಾಲುಕ್ಯರ ಊರುಗಳನ್ನು ನಾವು ಗುಡಿಯಿಂದ ನೋಡಲು ಶುರು ಮಾಡುತ್ತೇವೆ. ಶಿಖರ ನೋಡುತ್ತೇವೆ, ಮೂರ್ತಿ ನೋಡುತ್ತೇವೆ, ಫೋಟೋ ತೆಗೆಸಿಕೊಂಡು ಬಸ್ಸು ಹತ್ತುತ್ತೇವೆ. ಅದರ ಬದಲು ನೀರಿನಿಂದ ನೋಡಲು ಶುರು ಮಾಡಿದರೆ ಗುಡಿ ಅಲ್ಲಿಯೇ ಯಾಕಿದೆ, ಅದನ್ನು ಯಾರು ಕಟ್ಟಿದರು, ಅದು ಯಾರಿಂದ ಉಳಿಯಿತು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ. ಹೊಳೆಯ ದಂಡೆಯಲ್ಲಿ ಹುಟ್ಟಿದ ಹಿಪ್ಪರಗಿಯ ಮಕ್ಕಳಿಗೆ ಈ ದಾರಿ ಸುಲಭ.

ಮೂರು ನದಿಗಳ ಜಿಲ್ಲೆ

ನಮ್ಮ ಬಾಗಲಕೋಟೆ ಜಿಲ್ಲೆ 1997ರವರೆಗೆ ವಿಜಾಪುರ ಜಿಲ್ಲೆಯ ಭಾಗವಾಗಿತ್ತು. ಅದಕ್ಕೂ ಮೊದಲು, 1948ರವರೆಗೆ, ನಮ್ಮ ಕಡೆ ಜಮಖಂಡಿಯ ಪಟವರ್ಧನರ ಸಂಸ್ಥಾನ, ಪಕ್ಕದಲ್ಲಿ ಮುಧೋಳದ ಘೋರ್ಪಡೆಯವರ ಸಂಸ್ಥಾನ. ಆಳಿದವರು ಬದಲಾದರು, ನದಿಗಳು ಮೂರೇ: ಕೃಷ್ಣೆ, ಘಟಪ್ರಭೆ, ಮಲಪ್ರಭೆ. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೂಡುತ್ತದೆ. ಪ್ರವಾಸದ ದಿನ ಬೆಳಗಿನ ಐದಕ್ಕೆ ಕೃಷ್ಣೆಯ ದಂಡೆಯಿಂದ ಹೊರಟ ಬಸ್ಸು ಜಮಖಂಡಿ, ಮುಧೋಳ ದಾಟಿ ಘಟಪ್ರಭೆಯ ಸೇತುವೆಯ ಮೇಲೆ ಬರುವಾಗ ಬೆಳಕು ಹರಿದಿರುತ್ತದೆ. ಅಲ್ಲಿಂದ ಲೋಕಾಪುರ, ಮುಂದೆ ಕೆರೂರು. ಕಬ್ಬಿನ ಹಸಿರು ಕಡಿಮೆಯಾಗುತ್ತ ಬಂದು, ಕರಿ ಎರೆಮಣ್ಣು ಮುಗಿದು, ಕೆಂಪು ಕಲ್ಲಿನ ಗುಡ್ಡಗಳು ಕಾಣಿಸಿದರೆ ಮಲಪ್ರಭೆಯ ಕಣಿವೆ ಹತ್ತಿರ ಬಂತೆಂದು ತಿಳಿಯಬೇಕು.

ಬಸ್ಸಿನಲ್ಲಿ ನಾನು ಮಕ್ಕಳಿಗೆ ಒಂದು ಪ್ರಶ್ನೆ ಕೊಡುತ್ತಿದ್ದೆ. "ಕೃಷ್ಣಾ ದಂಡಿ ಮ್ಯಾಲೆ ಇಷ್ಟು ಛಲೋ ಭೂಮಿ ಇತ್ತಲ್ಲ, ಚಾಲುಕ್ಯರು ಇಲ್ಲಿ ರಾಜಧಾನಿ ಕಟ್ಟದೆ ಆ ಕಲ್ಲುಗುಡ್ಡದೊಳಗ ಯಾಕ ಕಟ್ಟಿದ್ರು?" ಉತ್ತರ ನಾನು ಹೇಳುತ್ತಿರಲಿಲ್ಲ. ಬಾದಾಮಿಯ ಕೆರೆಯ ದಂಡೆಗೆ ಹೋದ ಮೇಲೆ ಅವರೇ ಹೇಳುತ್ತಿದ್ದರು.

ಬಾದಾಮಿ: ಕೋಟೆಯ ಕೆಳಗಿನ ಕೆರೆ

ಬಾದಾಮಿಯಲ್ಲಿ ಎರಡು ಗುಡ್ಡಗಳು ಎದುರುಬದುರು ನಿಂತಿವೆ. ನಡುವೆ ಅಗಸ್ತ್ಯ ತೀರ್ಥವೆಂದು ಕರೆಯುವ ಕೆರೆ. ಮೂರು ಕಡೆ ಕಲ್ಲು, ಒಂದು ಕಡೆ ಊರು. ಮಳೆಗಾಲದಲ್ಲಿ ಗುಡ್ಡದ ಮೇಲೆ ಬಿದ್ದ ನೀರು ಬಂಡೆಯ ಮೇಲಿಂದ ಧುಮುಕಿ ಕೆರೆಗೆ ಬರುತ್ತದೆ. ಅಕ್ಕ-ತಂಗಿ ಎಂದು ಜನ ಹೆಸರಿಟ್ಟ ಜಲಪಾತ ಅದೇ. ಕಲ್ಲು ನೀರನ್ನು ಕುಡಿಯುವುದು ಕಡಿಮೆ, ಕೆಳಗೆ ಹರಿಸುವುದು ಹೆಚ್ಚು. ಹಾಗಾಗಿ ಒಂದು ಕಡೆ ಕಟ್ಟೆ ಹಾಕಿದರೆ ಸಾಕು, ಗುಡ್ಡಗಳೇ ಉಳಿದ ಗೋಡೆಗಳು. ವೈರಿ ಮುತ್ತಿಗೆ ಹಾಕಿದರೂ ಒಳಗಿನವರಿಗೆ ನೀರಿದೆ. ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಮಕ್ಕಳು ಇಲ್ಲಿ ಉತ್ತರ ಕಂಡುಕೊಳ್ಳುತ್ತಿದ್ದರು.

ಇದನ್ನು ಮೊದಲು ಕಂಡುಕೊಂಡವನು ಒಂದನೆಯ ಪುಲಕೇಶಿ. ಶಕ ವರ್ಷ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಅವನು ಈ ಗುಡ್ಡವನ್ನು ಕೋಟೆ ಮಾಡಿದ ವಿಷಯ ಬಂಡೆಯ ಮೇಲಿನ ಶಾಸನದಲ್ಲಿದೆ. ಮೇಲಿನಿಂದಲೂ ಕೆಳಗಿನಿಂದಲೂ ಈ ಕೋಟೆ ವೈರಿಗೆ ದಕ್ಕದು ಎಂಬುದು ಅದರ ಅಭಿಪ್ರಾಯ. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡದ್ದು. ಈ ಶಾಸನ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1941ರಲ್ಲಿ. ಸುಮಾರು ಹದಿನಾಲ್ಕು ನೂರು ವರ್ಷ ಅದು ಯಾರ ಕಣ್ಣಿಗೂ ಬೀಳದೆ ಬಿಸಿಲು ಮಳೆಯಲ್ಲಿ ನಿಂತಿತ್ತು. ಆದ್ದರಿಂದ ಬಂಡೆಯ ಮೇಲೆ ಹೆಸರು ಕೆತ್ತುವ ಹುಡುಗರಿಗೆ ನಾನು ಹೇಳುತ್ತಿದ್ದುದು: ಆ ಗೀರಿನ ಕೆಳಗೆ ಇನ್ನೂ ಯಾರೂ ಓದದ ಒಂದು ಅಕ್ಷರ ಇದ್ದೀತು, ಕೈ ಬಿಗಿ ಹಿಡಿ.

ದಕ್ಷಿಣದ ಗುಡ್ಡದಲ್ಲಿ ನಾಲ್ಕು ಗುಹೆಗಳಿವೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಅದು ವಿಷ್ಣುವಿನದು. ಕೀರ್ತಿವರ್ಮ ಆಳುತ್ತಿದ್ದಾಗ ಅವನ ತಮ್ಮ ಮಂಗಳೇಶ ಶಕ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ ಅದನ್ನು ಮಾಡಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಗುಹೆಯ ಹೊರಗೆ ಮಂಗಳೇಶನ ಪುಟ್ಟದೊಂದು ಕನ್ನಡ ಶಾಸನವೂ ಇದೆ. ಲಂಜಿಗೇಸರ ಎಂಬ ಹಳ್ಳಿಯನ್ನು ಈ ಗುಡಿಗೆ ಕೊಟ್ಟ ಸಂಗತಿ ಅದರಲ್ಲಿದೆ. ಆ ಹಳ್ಳಿ ಮಹಾಕೂಟದ ಹತ್ತಿರದ ಇಂದಿನ ನಂದಿಕೇಶ್ವರ ಎನ್ನುತ್ತಾರೆ. ಮಕ್ಕಳೇ, ಗಮನಿಸಿ. ಗುಹೆ ಕೊರೆದರೆ ಕೆಲಸ ಮುಗಿಯಲಿಲ್ಲ. ಅದನ್ನು ನೋಡಿಕೊಳ್ಳಲು ಒಂದು ಹಳ್ಳಿಯ ಹುಟ್ಟುವಳಿ ಬೇಕಾಯಿತು. ನಮ್ಮ ಶಾಸನಗಳಲ್ಲಿ ಬಹುಪಾಲು ಇಂಥ ಲೆಕ್ಕಪತ್ರಗಳೇ: ಯಾರು ಕೊಟ್ಟರು, ಏನು ಕೊಟ್ಟರು, ಯಾವ ಕೆಲಸಕ್ಕೆ ಕೊಟ್ಟರು.

ಕೆರೆಯ ಆಚೆ ದಂಡೆಯಲ್ಲಿ ಭೂತನಾಥ ಗುಡಿ. ಅದರ ಮೆಟ್ಟಿಲ ಮೇಲೆ ಕುಳಿತರೆ ಬಾದಾಮಿ ಇಡಿಯಾಗಿ ಕಾಣುತ್ತದೆ. ಆ ಕಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕಾಲ ಸುಮಾರು ಕ್ರಿ.ಶ. 700. ಕನ್ನಡದ ತ್ರಿಪದಿ ಮೊದಲು ಸಿಗುವುದು ಅಲ್ಲಿ. ನಮ್ಮ ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಮೂರು ಸಾಲಿನ ಪದದ ಮನೆತನ ಅಷ್ಟು ಹಳೆಯದು. ಅರಭಟ್ಟ ರಾಜನಲ್ಲ, ಒಬ್ಬ ವೀರ. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕಠಿಣ ಎಂದು ಅವನ ಗುಣ ಹೇಳುವ ಪದ್ಯಗಳು ಅವು.

ನಮ್ಮ ಜೊತೆಗೆ ಬರುತ್ತಿದ್ದ ಗೈಡ್ ವಾತಾಪಿ-ಇಲ್ವಲರ ಕಥೆಯನ್ನು ಬಹಳ ಚೆನ್ನಾಗಿ ಹೇಳುತ್ತಿದ್ದರು. ಕಥೆ ಮುಗಿದ ಮೇಲೆ ನಾನು ಇನ್ನೊಂದು ಘಟನೆ ಸೇರಿಸುತ್ತಿದ್ದೆ. ಕ್ರಿ.ಶ. 642ರಲ್ಲಿ ಪಲ್ಲವರ ನರಸಿಂಹವರ್ಮ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಹಿಡಿದ. ಅವನ ಶಾಸನವೂ ಇಲ್ಲಿಯ ಬಂಡೆಯ ಮೇಲೇ ಇದೆ. ಹತ್ತು ಹನ್ನೆರಡು ವರ್ಷ ಈ ಊರು ಚಾಲುಕ್ಯರ ಕೈಯಲ್ಲಿರಲಿಲ್ಲ. ಮುಂದೆ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದಾಗ ಆ ಊರನ್ನು ಸುಡಲಿಲ್ಲ. ರಾಜಸಿಂಹೇಶ್ವರ ಗುಡಿಯ ಸಂಪತ್ತನ್ನು ದೇವರಿಗೇ ಹಿಂದಿರುಗಿಸಿ, ಆ ವಿಷಯವನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಸೇಡಿಗೆ ಕಾರಣವಿದ್ದವನು ಹಾಗೆ ನಡೆದುಕೊಂಡದ್ದನ್ನು ಮಕ್ಕಳು ತಿಳಿದಿರಬೇಕು.

ಬಾದಾಮಿಯಿಂದ ಐದು ಕಿಲೋಮೀಟರ್ ದೂರದಲ್ಲಿ ಬನಶಂಕರಿ. ಗುಡಿಯ ಮುಂದೆ ಹರಿದ್ರಾ ತೀರ್ಥವೆಂಬ ದೊಡ್ಡ ಹೊಂಡ, ಸುತ್ತ ಕಲ್ಲಿನ ಪಡಸಾಲೆ. ಬನದ ಹುಣ್ಣಿಮೆಗೆ ನಮ್ಮ ಊರ ಕಡೆಯಿಂದಲೂ ಜಾತ್ರೆಗೆ ಹೋಗುತ್ತಾರೆ. ಬುಟ್ಟಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ ಬದನೆ, ಕೆಂಪು ಚಟ್ನಿ, ಗಡಿಗೆಯಲ್ಲಿ ಮೊಸರು ಹೊತ್ತು ತಂದು "ಊಟ ಮಾಡ್ರೀ ಅಣ್ಣಾ" ಎಂದು ಕರೆಯುವ ಅವ್ವಂದಿರು ಅಲ್ಲಿದ್ದಾರೆ. ನಮ್ಮ ಬುತ್ತಿಯ ಜೊತೆಗೆ ಅವರ ಕೈಯ ರೊಟ್ಟಿಯನ್ನೂ ತಿಂದು ಮುಂದೆ ಹೊರಡುವುದು ರೂಢಿ.

ಮಹಾಕೂಟ: ಬತ್ತದ ಸೆಲೆ

ಗುಡ್ಡದ ಮಗ್ಗುಲಲ್ಲಿ, ಮರಗಳ ನೆರಳಿನಲ್ಲಿ ಒಂದು ಪೌಳಿಯೊಳಗೆ ಎರಡು ಡಜನ್ನಿನಷ್ಟು ಗುಡಿಗಳು ಕೂಡಿ ನಿಂತಿರುವ ಜಾಗ ಮಹಾಕೂಟ. ಮಹಾಕೂಟೇಶ್ವರ, ಮಲ್ಲಿಕಾರ್ಜುನ ಗುಡಿಗಳ ಶಿಖರ ದ್ರಾವಿಡ ಶೈಲಿಯದು. ಸಂಗಮೇಶ್ವರನದು ನಾಗರ ಶೈಲಿ. ಪಠ್ಯಪುಸ್ತಕದಲ್ಲಿ ಎರಡು ಚಿತ್ರ ತೋರಿಸಿ ಕಲಿಸುವ ವ್ಯತ್ಯಾಸ ಇಲ್ಲಿ ಒಂದೇ ಅಂಗಳದಲ್ಲಿ ನಿಂತು ಕಾಣುತ್ತದೆ. ಎಲ್ಲದರ ನಡುವೆ ವಿಷ್ಣು ಪುಷ್ಕರಣಿ. ಊರವರ ಬಾಯಲ್ಲಿ ಅದು ಬರೀ ಹೊಂಡ. ನೀರಿನ ನಡುವೆ ಒಂದು ಪುಟ್ಟ ಮಂಟಪ, ಅದರೊಳಗೆ ಮುಖಗಳಿರುವ ಲಿಂಗ.

ಈ ನೀರು ಎಲ್ಲಿಂದ ಬರುತ್ತದೆ? ಬಾದಾಮಿಯ ಕೆರೆ ಮಳೆ ನೀರು ಹಿಡಿದದ್ದು. ಇದು ಹಾಗಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು, ನಿಧಾನವಾಗಿ ಸಾಗಿ, ಬುಡದಲ್ಲಿ ಸೆಲೆಯಾಗಿ ಹೊರಬರುತ್ತದೆ. ಮೇಲೆ ಹರಿಯುವ ನೀರು ನಾಲ್ಕು ತಿಂಗಳಿಗೆ ಮುಗಿದರೆ, ಕಲ್ಲಿನೊಳಗೆ ಇಳಿದ ನೀರು ವರ್ಷವಿಡೀ ಬರುತ್ತದೆ. ಬೇಸಿಗೆಯಲ್ಲಿ ಸುತ್ತಲ ಹಳ್ಳಗಳು ಒಣಗಿದಾಗಲೂ ಇಲ್ಲಿ ನೀರು ತಿಳಿಯಾಗಿ, ತಂಪಾಗಿ ಇರುತ್ತದೆ. ಬಂದ ನೀರು ನಿಲ್ಲದೆ ಹೊರಗೆ ಹರಿದು ಹೋಗುವುದರಿಂದ ಹೊಂಡ ಕೊಳೆಯುವುದಿಲ್ಲ. ಗುಡಿ ಕಟ್ಟಿದವರು ಈ ಸೆಲೆಯನ್ನು ನೋಡಿಯೇ ಇಲ್ಲಿಗೆ ಬಂದರು ಎಂದು ನನ್ನ ನಂಬಿಕೆ.

ಕೃಷ್ಣಾ ದಂಡೆಯ ಮಕ್ಕಳಿಗೆ ಈಸು ಬರುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ನನ್ನ ತಲೆಮಾರಿಗೆ ಅದು ನಿಜವಿತ್ತು. ಸೊಂಟಕ್ಕೆ ಹಗ್ಗ ಬಿಗಿದು, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಕಾಕಾ ನಮ್ಮನ್ನು ಹೊಲದ ಬಾವಿಗೆ ಇಳಿಬಿಡುತ್ತಿದ್ದರು. ಈಗಿನ ಮಕ್ಕಳ ಮಾತು ಬೇರೆ. ಬ್ಯಾರೇಜಿನಿಂದ ನದಿಯಲ್ಲಿ ಆಳದ ನೀರು ನಿಂತಿದೆ, ಮೊಸಳೆಯ ಭಯವಿದೆ, ಯಾವ ತಾಯಿಯೂ ಮಗನನ್ನು ನದಿಗೆ ಬಿಡುವುದಿಲ್ಲ. ಬಿಡಬಾರದು ಕೂಡ. ಹೊಲಕ್ಕೆ ಬೋರು ಬಂದ ಮೇಲೆ ಬಾವಿಗಳು ಹಾಳುಬಿದ್ದವು. ಹೀಗಾಗಿ ಕಣ್ಣೆದುರು ಇಷ್ಟು ದೊಡ್ಡ ನದಿ ಇದ್ದೂ ನಮ್ಮ ತರಗತಿಯಲ್ಲಿ ಈಸು ಬಲ್ಲವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಮೈಮೇಲೆ ನಿರ್ಮಲ ನೀರು ತಾಗಿ, ಕಾಲ ಕೆಳಗೆ ಮೆಟ್ಟಿಲು ಜಾರುವ ಅನುಭವ ಹಲವರಿಗೆ ಮೊದಲು ಸಿಕ್ಕಿದ್ದು ಮಹಾಕೂಟದಲ್ಲಿ.

ಇಳಿಯುವ ಮೊದಲು ನಮ್ಮ ಕಟ್ಟಳೆಗಳು ಇದ್ದವು. ಈಸು ಬಾರದವರು ಮೆಟ್ಟಿಲು ಬಿಡುವಂತಿಲ್ಲ. ಇಬ್ಬಿಬ್ಬರು ಜೋಡಿ, ಒಬ್ಬರ ಮೇಲೆ ಒಬ್ಬರ ಕಣ್ಣು. ಈಸು ಬಲ್ಲ ಇಬ್ಬರು ದೊಡ್ಡವರು ನೀರಿನಲ್ಲೇ ಇರಬೇಕು. ಸಾಬೂನು, ಶಾಂಪೂ ಯಾವುದೂ ನೀರಿಗೆ ಬೀಳಬಾರದು. ದೇವರಿಗೆ ಬಂದ ಜನಕ್ಕೆ ಮೊದಲು ಜಾಗ, ಆಮೇಲೆ ನಮಗೆ. ಗಂಟೆ ಹೊಡೆದ ಕೂಡಲೆ ಎಲ್ಲರೂ ಮೇಲೆ ಬರಬೇಕು, ತಲೆ ಎಣಿಸಬೇಕು. ಇವನ್ನು ಇಲ್ಲಿ ಬರೆಯಲು ಕಾರಣವಿದೆ. ಮುಂದೆ ಪ್ರವಾಸ ಒಯ್ಯುವ ಶಿಕ್ಷಕರು ಇದರಲ್ಲಿ ಒಂದನ್ನೂ ಸಡಿಲ ಮಾಡದಿರಲಿ.

ಒಂದು ವರ್ಷದ ಮಾತು. ಹುಡುಗರು ಸೆಲೆಯ ಬಾಯಿಯ ಹತ್ತಿರ ಆಡುತ್ತಿದ್ದರು. ಹುಡುಗಿಯರು ದಂಡೆಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಕುಳಿತಿದ್ದರು. ಸೀರೆಯುಟ್ಟುಕೊಂಡೇ ಮುಳುಗು ಹಾಕುತ್ತಿದ್ದ ಹಿರಿಯ ಅಮ್ಮನೊಬ್ಬರು ಅವರತ್ತ ತಿರುಗಿ, "ಯಾಕವ್ವಾ ಹಂಗ ಕುಂತೀರಿ? ನೀರಿಗೇನ ಗಂಡು ಹೆಣ್ಣು ಅಂತ ಐತೇನು? ಬರ್ರಿ ಇಳೀರಿ" ಎಂದರು. ಹುಡುಗಿಯರು ನಮ್ಮ ಶಿಕ್ಷಕಿಯ ಮುಖ ನೋಡಿದರು. ಅವರು ಸೆರಗು ಬಿಗಿದು ತಾವೇ ಮೊದಲು ಇಳಿದರು. ಅಂದಿನಿಂದ ಹುಡುಗಿಯರಿಗೂ ಅಷ್ಟೇ ಹೊತ್ತು ಎಂದು ನಮ್ಮ ಪ್ರವಾಸದಲ್ಲಿ ಖಾಯಂ ಆಯಿತು.

ಆ ಹೊತ್ತಿಗೆ ಹೇಳಲು ನನ್ನ ಬಳಿ ಒಂದು ಪಾಠವೂ ಸಿದ್ಧವಾಗಿತ್ತು. ಹೊಂಡದಿಂದ ಒದ್ದೆ ಕಾಲಲ್ಲೇ ನಾಲ್ಕು ಹೆಜ್ಜೆ ನಡೆದರೆ ಮಹಾಕೂಟೇಶ್ವರ ಗುಡಿ. ಅದರ ಮುಖಮಂಟಪದಲ್ಲಿ ಒಂದು ಕನ್ನಡ ಶಾಸನವಿದೆ. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಎಂಬವಳು ದೇವರಿಗೆ ಮಾಣಿಕದ ಪೀಠ ಮಾಡಿಸಿದಳು, ಬೆಳ್ಳಿಯ ಛತ್ರ ಎತ್ತಿಸಿದಳು, ಭೂಮಿ ಕೊಟ್ಟಳು. ಅವಳು ತನ್ನ ಗುರುತು ಹೇಳುವಾಗ ತಾಯಿಯ ಹೆಸರನ್ನೂ ಅಜ್ಜಿಯ ಹೆಸರನ್ನೂ ಹೇಳುತ್ತಾಳೆ. ಮೂರು ತಲೆಮಾರಿನ ಹೆಣ್ಣುಮಕ್ಕಳ ಹೆಸರು ಸಾಲಾಗಿ ಕಲ್ಲಿನ ಮೇಲೆ ಇರುವುದನ್ನು ಕಂಡು ನಮ್ಮ ಹುಡುಗಿಯರು ತಮ್ಮ ಅಜ್ಜಿಯ ಅವ್ವನ ಹೆಸರು ಏನೆಂದು ನೆನಪಿಸಿಕೊಳ್ಳಲು ಶುರು ಮಾಡಿದರು. ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಊರಿಗೆ ಹೋಗಿ ಕೇಳಿ ಬರೆದುಕೊಂಡು ಬನ್ನಿ ಎಂದು ಮನೆಪಾಠ ಕೊಟ್ಟೆ. ಇತಿಹಾಸದ ಇಷ್ಟು ಒಳ್ಳೆಯ ಮನೆಪಾಠ ನಾನು ಮತ್ತೊಂದು ಕೊಟ್ಟಿಲ್ಲ.

ಮಹಾಕೂಟದ ಇನ್ನೊಂದು ದೊಡ್ಡ ದಾಖಲೆ ಈಗ ಅಲ್ಲಿಲ್ಲ. ಮಂಗಳೇಶ ನಿಲ್ಲಿಸಿದ ಧರ್ಮಸ್ತಂಭ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಸುಮಾರು ಕ್ರಿ.ಶ. 602. ಕಳಚೂರಿಗಳನ್ನು ಗೆದ್ದು ತಂದ ಸಂಪತ್ತು, ಮಕುಟೇಶ್ವರನಾಥನಿಗೆ ಕೊಟ್ಟ ಹತ್ತು ಹಳ್ಳಿಗಳು, ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿಯ ಹೆಸರು ಅದರ ಮೇಲಿವೆ. ಅಲ್ಲಿಯೂ ದಾನದ ಹಿಂದೆ ಒಬ್ಬ ಹೆಣ್ಣುಮಗಳಿದ್ದಾಳೆ. ಗೋಳಗುಮ್ಮಟಕ್ಕೆ ಹೋದ ಮಕ್ಕಳು ಕೂಗಿ ಪ್ರತಿಧ್ವನಿ ಕೇಳಿ ಬರುವ ಮುನ್ನ ಆ ಕಂಬವನ್ನೂ ನೋಡಿ ಬರಬೇಕು.

ಭೂಮಿಯ ಇನ್ನೊಂದು ಮಗ್ಗುಲಲ್ಲಿ

ಗುಡಿ ನೋಡಿ ಹೊಂಡದಲ್ಲಿ ಈಸುವ ಒಂದು ದಿನದ ಪ್ರವಾಸ ನಮ್ಮಲ್ಲಿ ಮಾತ್ರ ಇದೆಯೇ? ಇಲ್ಲ. ಮೆಕ್ಸಿಕೋ ದೇಶದ ಯುಕಟಾನ್ ಪ್ರಾಂತದಲ್ಲಿ ಮಾಯಾ ಜನರ ಹಳೆಯ ನಗರಗಳಿವೆ. ಪ್ರವಾಸಿಗರು ಬೆಳಿಗ್ಗೆ ಗೈಡ್ ಜೊತೆ ಅಲ್ಲಿಯ ಪಿರಮಿಡ್ಡುಗಳನ್ನು ನೋಡಿ, ಮಧ್ಯಾಹ್ನ 'ಸೆನೋಟೆ' ಎಂಬ ಕುಂಡಗಳಲ್ಲಿ ಈಸಿ ಸಂಜೆಗೆ ಮರಳುತ್ತಾರೆ. ಯುಕಟಾನಿನ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ನದಿಗಳು ಇಲ್ಲವೆಂದೇ ಹೇಳಬೇಕು. ನೆಲ ಸುಣ್ಣಕಲ್ಲಿನದು. ಮಳೆ ನೀರು ಕಲ್ಲನ್ನು ಕರಗಿಸುತ್ತ ಕೆಳಗಿಳಿದು ಗವಿಗಳಲ್ಲಿ ಹರಿಯುತ್ತದೆ. ಗವಿಯ ಮೇಲಿನ ಚಾವಣಿ ಕುಸಿದಲ್ಲಿ ಬಾವಿಯಂಥ ಕುಂಡ ತೆರೆಯುತ್ತದೆ. ಊರುಗಳು ಅಂಥ ಕುಂಡಗಳ ಸುತ್ತ ಬೆಳೆದವು. ಚಿಚೆನ್ ಇಟ್ಜಾ ಎಂಬ ಪ್ರಸಿದ್ಧ ನಗರದ ಹೆಸರಿಗೆ ಇಟ್ಜಾ ಜನರ ಬಾವಿಯ ಬಾಯಿ ಎಂದು ಅರ್ಥ. ಅಲ್ಲಿಯ ಒಂದು ಕುಂಡ ದೇವರಿಗೆ ಮೀಸಲು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದರ ತಳ ಕೆದಕಿದಾಗ ಚಿನ್ನ, ಹಸಿರು ಜೇಡ್ ಕಲ್ಲು, ಮನುಷ್ಯರ ಎಲುಬುಗಳು ಸಿಕ್ಕವು. ಅದರಲ್ಲಿ ಈಸುವಂತಿಲ್ಲ. ಈಸಲು ಬೇರೆ ಕುಂಡಗಳಿವೆ.

ಮಾಯಾ ಜನರ ಮತ್ತೊಂದು ನಗರ ಪಲೆಂಕೆ. ಅದರ ಹಳೆಯ ಹೆಸರು ಲಕಮ್‌ಹಾ, ಎಂದರೆ ದೊಡ್ಡ ನೀರು. ಅಲ್ಲಿಯ ಹಳ್ಳವನ್ನು ಕಲ್ಲಿನ ಕಾಲುವೆಯೊಳಗೆ ತಿರುಗಿಸಿ ಊರ ಕೆಳಗೆ ಹರಿಸಿದ್ದರು. ಪಲೆಂಕೆಯ ಹೆಸರಾಂತ ದೊರೆ ಪಕಲ್ ಹುಟ್ಟಿದ್ದು ಕ್ರಿ.ಶ. 603ರಲ್ಲಿ, ಪಟ್ಟಕ್ಕೆ ಬಂದದ್ದು 615ರಲ್ಲಿ. ಮಂಗಳೇಶ ಮಹಾಕೂಟದಲ್ಲಿ ಕಂಬ ನಿಲ್ಲಿಸಿದ ಕಾಲದ ಆಸುಪಾಸಿನಲ್ಲೇ ಪಕಲ್ ಹುಟ್ಟಿದ. ಇಮ್ಮಡಿ ಪುಲಕೇಶಿ ನರ್ಮದೆಯ ದಂಡೆಯಲ್ಲಿ ಹರ್ಷನನ್ನು ತಡೆದ ಕಾಲಕ್ಕೆ ಅವನು ಆಳುತ್ತಿದ್ದ ಅಥವಾ ಆಳಲು ಬೆಳೆಯುತ್ತಿದ್ದ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲು ಸಾಧ್ಯವಿಲ್ಲ. ಆದರೂ ಇಬ್ಬರೂ ನೀರಿನ ಬದಿಗೆ ಕಲ್ಲು ಕಟ್ಟಿದರು, ಇಬ್ಬರೂ ತಮ್ಮ ಮಾತನ್ನು ಕಲ್ಲಿನ ಮೇಲೆ ಬರೆಸಿದರು. ಕಾಕತಾಳೀಯವೆಂಬಂತೆ ಪಲೆಂಕೆ ಮತ್ತು ನಮ್ಮ ಪಟ್ಟದಕಲ್ಲು ಎರಡೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1987ರಲ್ಲಿ.

ಮಾಯಾ ನಾಡಿನ ದಕ್ಷಿಣದ ನಗರಗಳನ್ನು ಒಂಬತ್ತನೆಯ ಶತಮಾನದ ಹೊತ್ತಿಗೆ ಜನ ಬಿಟ್ಟು ಹೋದರು. ಯುದ್ಧ, ಒಳಜಗಳ, ದಾಟಿದ ಜನಸಂಖ್ಯೆ ಹೀಗೆ ಹಲವು ಕಾರಣ ಹೇಳುತ್ತಾರೆ. ಮೇಲಿಂದ ಮೇಲೆ ಬಂದ ಬರಗಾಲ ಅವುಗಳಲ್ಲಿ ಒಂದು. ಬರ ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1876ರಿಂದ 78ರವರೆಗಿನ ಬರ ಈ ಸೀಮೆಯನ್ನು ಹೇಗೆ ಹಿಂಡಿತೆಂಬುದು ಸರಕಾರದ ದಾಖಲೆಗಳಲ್ಲಿಯೂ ಹಿರಿಯರ ಮಾತಿನಲ್ಲಿಯೂ ಉಳಿದಿದೆ.

ಪಟ್ಟದಕಲ್ಲು: ಹೊಳೆಯ ದಂಡೆಯ ಪಟ್ಟ

ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್. ಹಳೆಯ ಹೆಸರು ಕಿಸುವೊಳಲ್, ಕೆಂಪು ಊರು. ಇಲ್ಲಿ ಮಲಪ್ರಭೆ ಉತ್ತರಕ್ಕೆ ಹರಿಯುತ್ತದೆ. ಉತ್ತರವಾಹಿನಿಯ ದಂಡೆ ಪವಿತ್ರವೆಂದು ಚಾಲುಕ್ಯ ದೊರೆಗಳ ಪಟ್ಟಾಭಿಷೇಕ ಇಲ್ಲಿ ನಡೆಯಿತು ಎನ್ನುತ್ತಾರೆ. ಇಲ್ಲಿಯ ದೊಡ್ಡ ಗುಡಿ ವಿರೂಪಾಕ್ಷ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ, ಅದೇ ದೊರೆಯ ಇನ್ನೊಬ್ಬ ರಾಣಿ, ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷ ಗುಡಿಯ ಕನ್ನಡ ಶಾಸನದಲ್ಲಿ ಅದನ್ನು ಕಟ್ಟಿದ ಶಿಲ್ಪಿ ಗುಂಡನ ಹೆಸರಿದೆ. ಅನಿವಾರಿತಾಚಾರಿ ಎಂಬುದು ಅವನ ಬಿರುದು, ತ್ರಿಭುವನಾಚಾರಿ ಎಂಬ ಪಟ್ಟವನ್ನೂ ಅವನಿಗೆ ಕಟ್ಟಿದರು. ದಕ್ಷಿಣ ದಿಕ್ಕಿನ ಕೆಲಸ ಮಾಡಿದ ಸರ್ವಸಿದ್ಧಿ ಆಚಾರಿಯ ಹೆಸರೂ ಇದೆ. ಗೆದ್ದವನ ಹೆಸರಿನ ಜೊತೆಗೆ ಕಟ್ಟಿಸಿದವಳ ಹೆಸರು, ಕೆತ್ತಿದವನ ಹೆಸರು ಉಳಿದ ಗುಡಿ ಇದು. ನೇಕಾರರು, ಬಡಿಗರು, ರೈತರ ಮಕ್ಕಳು ಓದುವ ನಮ್ಮ ಶಾಲೆಗೆ ಇದಕ್ಕಿಂತ ಹೆಚ್ಚು ಒಪ್ಪುವ ಶಾಸನ ಬೇರೆ ಇಲ್ಲ.

ಆದರೆ ನೀರು ಯಾವಾಗಲೂ ತಂಪಾಗಿ ಮೆಟ್ಟಿಲ ಕೆಳಗೆ ಇರುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಬಂದವು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ಮಲಪ್ರಭೆಯ ಕೆಂಪು ನೀರು ನಿಂತಿತು. ಕಲ್ಲಿನ ಗುಡಿ ತಡೆದುಕೊಂಡಿತು, ಪಕ್ಕದ ಮಣ್ಣಿನ ಮನೆಗಳು ತಡೆಯಲಿಲ್ಲ. ಇತಿಹಾಸದ ಊರಲ್ಲಿ ಉಳಿದದ್ದನ್ನು ನೋಡುವಾಗ ಹೋದದ್ದನ್ನೂ ಲೆಕ್ಕ ಹಿಡಿಯಬೇಕು. ಚಾಲುಕ್ಯರ ಕಾಲದ ಗುಡಿ ನಮಗೆ ಸಿಕ್ಕಿವೆ, ಆ ಗುಡಿ ಕೆತ್ತಿದವನ ಮನೆ ಸಿಕ್ಕಿಲ್ಲ.

ಇಲ್ಲಿಂದ ಐಹೊಳೆ ಹತ್ತಿರವೇ. ಹೊತ್ತಿದ್ದರೆ ಮೇಗುತಿ ಗುಡ್ಡ ಹತ್ತಿ ರವಿಕೀರ್ತಿಯ ಕ್ರಿ.ಶ. 634ರ ಶಾಸನ ನೋಡಬೇಕು. ಪುಲಕೇಶಿ-ಹರ್ಷರ ಕಾಳಗದ ಮಾತು ಪಠ್ಯಪುಸ್ತಕಕ್ಕೆ ಬಂದದ್ದು ಅಲ್ಲಿಂದ. ಆದರೆ ಹೊತ್ತು ಇಳಿದಿದ್ದರೆ ಓಡೋಡಿ ನೋಡುವುದಕ್ಕಿಂತ ಇನ್ನೊಂದು ವರ್ಷಕ್ಕೆ ಉಳಿಸುವುದು ಲೇಸು. ಒಂದು ದಿನಕ್ಕೆ ಮೂರು ಊರು ಸಾಕು.

ನಮ್ಮ ಊರಿನ ಹೊಂಡಗಳು

ಮರಳುವ ದಾರಿಯಲ್ಲಿ ಹಿರಿಯ ತರಗತಿಯ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಸರ್, ನಮ್ಮೂರಾಗ ಯಾಕ ಇಂಥಾವು ಇಲ್ಲರೀ?" ಇದ್ದವು, ಇವೆ ಎಂಬುದು ನನ್ನ ಉತ್ತರ. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಮೆಟ್ಟಿಲ ಬಾವಿಗಳಿವೆ, ಗುಡಿಯ ಮುಂದಿನ ಹೊಂಡಗಳಿವೆ. ಕೆಲವು ಹೂಳು ತುಂಬಿವೆ, ಕೆಲವಕ್ಕೆ ಪ್ಲಾಸ್ಟಿಕ್ಕು, ಹಳೆಯ ಚಪ್ಪಲಿ, ಹೂವಿನ ಕಸ ಬಿದ್ದಿದೆ. ಅವುಗಳ ಮೇಲೆ ಶಾಸನವಿಲ್ಲ, ಆದ್ದರಿಂದ ಪುಸ್ತಕದಲ್ಲಿ ಹೆಸರಿಲ್ಲ. ಅವನ್ನು ತೋಡಿದವರು, ವರ್ಷಕ್ಕೊಮ್ಮೆ ಇಳಿದು ಹೂಳು ಎತ್ತಿದವರು ಯಾರೆಂದು ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗವೂ ಬೀಳಗಿ ಸೀಮೆಯ ಹಳ್ಳಿಗಳೂ ಮುಳುಗಿದವು. ನನ್ನ ಸೋದರತ್ತೆಯ ಊರು ಅವುಗಳಲ್ಲೊಂದು. ಬೇಸಿಗೆ ರಜೆಗೆ ನಾನು ಈಸಿದ ಬಾವಿ ಇಂದು ನೀರಿನ ಅಡಿಯಲ್ಲಿದೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಸ್ಥಳಕ್ಕೆ ಸುತ್ತ ಬಾವಿಯಂಥ ಗೋಡೆ ಕಟ್ಟಿ ಹಿನ್ನೀರಿನಿಂದ ಕಾಪಾಡಿದರು, ಅದು ಆಗಲೇಬೇಕಾದ ಕೆಲಸ. ಅತ್ತೆಯ ಊರಿನ ಬಾವಿಗೆ ಅಂಥ ಗೋಡೆ ಬೇಕೆಂದು ಯಾರೂ ಕೇಳಲಾರರು. ಅಣೆಕಟ್ಟಿನ ನೀರಿನಿಂದಲೇ ನಮ್ಮ ಹೊಲಗಳಿಗೆ ಹಸಿರು ಬಂತು, ನಮ್ಮ ಮಕ್ಕಳ ಶಾಲೆಯ ಫೀ ಕಟ್ಟಿದ್ದೂ ಕಬ್ಬಿನ ಬಿಲ್ಲಿನಿಂದಲೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮುಳುಗಿದ ಊರಿನಲ್ಲಿ ಎಷ್ಟು ಬಾವಿ ಇದ್ದವು, ಅವುಗಳ ಹೆಸರೇನು, ಯಾವ ಓಣಿಯವರು ಯಾವುದರ ನೀರು ತರುತ್ತಿದ್ದರು ಎಂದು ಬರೆದಿಡುವುದಕ್ಕೆ ಯಾವ ಖರ್ಚೂ ಇಲ್ಲ. ಅತ್ತೆ ಇದ್ದಾಗ ಅವರಿಂದ ಕೇಳಿ ಎರಡು ಹಾಳೆ ಬರೆದುಕೊಂಡಿದ್ದೇನೆ. ಆ ಊರಿನ ಬಗ್ಗೆ ನನ್ನ ಬಳಿ ಇರುವ ಶಾಸನ ಅದೊಂದೇ.

ಆದ್ದರಿಂದ ಈ ಶಾಲೆಯಲ್ಲಿ ಈಗ ಓದುತ್ತಿರುವ ಮಕ್ಕಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ಈ ವರ್ಷ ಪ್ರವಾಸಕ್ಕೆ ಹೋಗುವ ಮುನ್ನ ಇಬ್ಬಿಬ್ಬರು ಜೋಡಿಯಾಗಿ ನಿಮ್ಮ ಓಣಿಯ ಒಂದೊಂದು ಬಾವಿ ಅಥವಾ ಹೊಂಡವನ್ನು ಆರಿಸಿಕೊಳ್ಳಿ. ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ, ದಂಡೆಯಿಂದಲೇ ನೋಡಿ, ಒಳಗೆ ಇಳಿಯಬೇಡಿ. ಐದು ಪ್ರಶ್ನೆ ಕೇಳಿ. ಇದರ ಹೆಸರೇನು? ಯಾರು ತೋಡಿಸಿದರು? ಯಾರು ಯಾರು ನೀರು ಒಯ್ಯುತ್ತಿದ್ದರು, ಯಾರಿಗೆ ಬಿಡುತ್ತಿರಲಿಲ್ಲ? ಕೊನೆಯ ಸಲ ಹೂಳು ತೆಗೆದದ್ದು ಯಾವಾಗ? ಇದರಲ್ಲಿ ಈಸು ಕಲಿತವರು ಯಾರು? ಮೂರನೆಯ ಪ್ರಶ್ನೆಗೆ ಉತ್ತರ ಕೊಡಲು ಕೆಲವರು ಹಿಂಜರಿಯಬಹುದು. ಆದರೂ ಕೇಳಿ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಿರಿ. ಕಲ್ಲಿನ ಶಾಸನಗಳು ಕೊಟ್ಟವರ ಹೆಸರು ಹೇಳುತ್ತವೆ, ನೀರಿನಿಂದ ದೂರ ನಿಲ್ಲಿಸಿದವರ ಹೆಸರು ಹೇಳುವುದಿಲ್ಲ. ಆ ಲೆಕ್ಕವನ್ನು ಬರೆಯುವುದು ನಮ್ಮ ಪಾಲಿನ ಕೆಲಸ.

ಬರೆದದ್ದನ್ನೆಲ್ಲ ಒಂದು ದಪ್ಪ ರಟ್ಟಿನ ವಹಿಯಲ್ಲಿ ಸೇರಿಸಿ ಶಾಲೆಯ ಗ್ರಂಥಾಲಯದಲ್ಲಿ ಇಡಿ. ಪ್ರತಿ ವರ್ಷದ ಒಂಬತ್ತನೆಯ ತರಗತಿ ಅದಕ್ಕೆ ಹತ್ತು ಪುಟ ಸೇರಿಸಿದರೂ ಶಾಲೆಗೆ ನೂರು ತುಂಬುವ ಹೊತ್ತಿಗೆ ಐದುನೂರು ಪುಟಗಳಾಗುತ್ತವೆ. ಆಗ ಶತಮಾನೋತ್ಸವದ ಸಂಚಿಕೆಗೆ ಇತಿಹಾಸದ ಲೇಖನ ಬರೆಯುವವರು ಬಾದಾಮಿಯವರೆಗೆ ಹೋಗಬೇಕಾಗುವುದಿಲ್ಲ.